ಕ್ರಾಂತಿಗೊಂದು ಮೈಸೂರು ಪೇಟ

ಯಾವುದಾದರೂ ಜಿಲ್ಲಾ ಉತ್ಸವದ ಆಹ್ವಾನ ಪತ್ರಿಕೆ ಕೈಗೆ ಸಿಕ್ಕರೆ ಒಳಪುಟವನ್ನು ಸಾವಧಾನವಾಗಿ ಓದಿ. ಸಂಜೆ 5ಕ್ಕೆ ಹೋರಾಟದ ಹಾಡುಗಳು. 5.30ಕ್ಕೆ ಮಾನ್ಯ ಸಚಿವರಿಂದ ಉದ್ಘಾಟನೆ. ಅಂದರೆ ಕ್ರಾಂತಿಗೆ ನಿಗದಿಯಾದ ಅವಧಿ ಅರ್ಧ ಗಂಟೆ. ಮಾನ್ಯ ಸಚಿವರ ಕಾರು ಬರುವುದು ಎಂಟಕ್ಕೆ. ಹೀಗಾಗಿ ನಮ್ಮಲ್ಲಿ ಕ್ರಾಂತಿ ಯಾವಾಗಲೂ ಎರಡೂವರೆ ಗಂಟೆ ಓವರ್‌ಟೈಮ್ ದುಡಿಯುತ್ತದೆ. ಓವರ್‌ಟೈಮಿಗೆ ಬೇರೆ ಸಂಭಾವನೆ ಇಲ್ಲ. ಇರುವ ಸಂಭಾವನೆಗೇ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಎಲ್ಲ ಕೊಟ್ಟು ಮಾರ್ಚ್ ಕೊನೆಯವರೆಗೆ ಕಾಯಬೇಕು.

ವೇದಿಕೆಯ ನಡುವೆ ಬಿಳಿ ಟವೆಲ್ ಹೊದ್ದ ಸೋಫಾಗಳು. ಹಾಡುವವರಿಗೆ ಎಡಗಡೆಯ ಮೂಲೆ, ಸ್ಪೀಕರಿನ ಮಗ್ಗುಲಿಗೆ. ತಮಟೆಯವನು ಶಾಮಿಯಾನದ ಹಿಂದೆ ಒಂದಿಷ್ಟು ಒಣಹುಲ್ಲು, ಹಳೇ ಪೇಪರು ಹಚ್ಚಿ ಚರ್ಮ ಕಾಯಿಸಿಕೊಳ್ಳಲು ಹೋದರೆ ಸೆಕ್ಯುರಿಟಿಯವನು ಓಡಿ ಬಂದು ಬೆಂಕಿಯನ್ನು ಬೂಟುಗಾಲಲ್ಲಿ ತುಳಿದು ಆರಿಸುತ್ತಾನೆ. 'ಫೈರ್‌ನೋರ ಪರ್ಮಿಷನ್ ಇಲ್ಲ, ಆಚೆ ಹೋಗ್ರೀ.' ಕಾಯದ ತಮಟೆ ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಸದ್ದು ಮಾಡುತ್ತದೆ. ಕೊನೆಗೆ ಅವನು ವೇದಿಕೆಯ ಹ್ಯಾಲೊಜನ್ ದೀಪಕ್ಕೆ ತಮಟೆ ಹಿಡಿದು ನಿಲ್ಲುತ್ತಾನೆ. ಅಷ್ಟರಲ್ಲಿ ನಿರೂಪಕಿಯ ದನಿ: 'ಇದೀಗ ಕ್ರಾಂತಿಗೀತೆಗಳ ಮೂಲಕ ನಿಮ್ಮೆಲ್ಲರನ್ನು ರಂಜಿಸಲಿದ್ದಾರೆ...'

ಹಾಡು ಶುರುವಾಗುತ್ತದೆ. ದಣಿಯ ಕೋಟೆ ಗೋಡೆ ಕೆಡವುವ ಹಾಡು. ಮುಂದಿನ ಸಾಲಿನಲ್ಲಿ ಕೂತ ದಣಿ ತೊಡೆ ತಟ್ಟಿ ತಾಳ ಹಾಕುತ್ತಾನೆ. ಉತ್ಸವ ಸಮಿತಿಗೆ ಎಲ್ಲರಿಗಿಂತ ಹೆಚ್ಚು ದೇಣಿಗೆ ಕೊಟ್ಟವನು ಅವನೇ. ಮೂರನೇ ನುಡಿಯಲ್ಲಿ ಗೋಡೆ ಅರ್ಧ ಬಿದ್ದಿರುವಾಗ ದೂರದಲ್ಲಿ ಸೈರನ್. ಸಂಘಟಕರು ಹಾಡುಗಾರನ ಅಂಗಿ ಜಗ್ಗುತ್ತಾರೆ: 'ಸಾಕಣ್ಣ ಸಾಕು, ಸಾಹೇಬ್ರು ಬಂದ್ರು.' ಗೋಡೆ ಅರ್ಧಕ್ಕೇ ನಿಲ್ಲುತ್ತದೆ. ಮುಂದೆ ನಾಡಗೀತೆ. ಅದಕ್ಕಾದರೆ 2022ರಲ್ಲಿ ಸರ್ಕಾರವೇ ಆದೇಶ ಹೊರಡಿಸಿ ಎರಡೂವರೆ ನಿಮಿಷ ಎಂದು ಗೊತ್ತುಮಾಡಿದೆ. ಕ್ರಾಂತಿಗೀತೆಗೆ ಅಂಥದ್ದೊಂದು ಆದೇಶದ ಅಗತ್ಯವೇ ಬಂದಿಲ್ಲ. ಸೈರನ್ ಇದೆಯಲ್ಲ.

ಆಡಳಿತ ಕಲೆಯ ತುತ್ತತುದಿ ಅಂದರೆ ಇದು. ಹಾಡನ್ನು ನಿಲ್ಲಿಸಲಿಕ್ಕೆ ಲಾಠಿ ಬೇಡ, ಎಫ್‌ಐಆರ್ ಬೇಡ. ಹಾಡುಗಾರನನ್ನು ಕರೆದು ಮೈಕು ಕೊಟ್ಟು, ಆಮೇಲೆ ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರೆ ಆಯಿತು. ಎರಡೂ ಕೈಯಲ್ಲಿ ಬುಟ್ಟಿ ಹಿಡಿದವನು ಮುಷ್ಟಿ ಬಿಗಿಯುವುದಾದರೂ ಹೇಗೆ? ಆದರೂ ಈ ಸೂಕ್ಷ್ಮ ತಿಳಿಯದೆ ಕೈ ಸುಟ್ಟುಕೊಂಡ ಸರ್ಕಾರಗಳು ಬೇಕಾದಷ್ಟಿವೆ. ಅವರ ಅನುಕೂಲಕ್ಕಾಗಿ ಈ ನಾಲ್ಕು ಮಾತು.

ಮೊದಲು ನೆರೆಯ ತಮಿಳುನಾಡನ್ನು ನೋಡೋಣ. ಅಲ್ಲಿ ಮದ್ಯ ಮಾರುವುದು ಸರ್ಕಾರದ್ದೇ ನಿಗಮ, ಟಾಸ್ಮಾಕ್. ತಿರುಚಿರಾಪಳ್ಳಿಯ ಕೋವನ್ ಎಂಬ ಹಾಡುಗಾರ ಆ ಅಂಗಡಿಗಳನ್ನು ಮುಚ್ಚಿ ಎಂದು ಹಾಡು ಕಟ್ಟಿ ಹಾಡಿದ, ಮುಖ್ಯಮಂತ್ರಿ ಜಯಲಲಿತಾ ಅವರನ್ನೂ ಗೇಲಿ ಮಾಡಿದ. 2015ರ ಅಕ್ಟೋಬರ್ ಕೊನೆಯಲ್ಲಿ ಪೊಲೀಸರು ಅಪರಾತ್ರಿಯಲ್ಲಿ ಅವನ ಮನೆಗೆ ಹೋಗಿ ಎತ್ತಿಕೊಂಡು ಬಂದರು. ಹಾಕಿದ ಸೆಕ್ಷನ್ 124-ಎ, ರಾಜದ್ರೋಹ. ಮದ್ಯನಿಷೇಧಕ್ಕೆ ಪ್ರಯತ್ನಿಸು ಎಂದು ಸರ್ಕಾರಕ್ಕೆ ಹೇಳುವುದು ಸಂವಿಧಾನದ 47ನೇ ವಿಧಿ. ಆ ಲೆಕ್ಕದಲ್ಲಿ ಮೊದಲ ಆರೋಪಿ ಸಂವಿಧಾನವೇ, ಕೋವನ್ ಬರೀ ಎರಡನೇ ಆರೋಪಿ. ಅದೇ 124-ಎ ಅಡಿ 1922ರಲ್ಲಿ ಜೈಲಿಗೆ ಹೋದ ಇನ್ನೊಬ್ಬ ಮದ್ಯವಿರೋಧಿಯ ಚಿತ್ರ ಪೊಲೀಸ್ ಠಾಣೆಯ ಗೋಡೆ ಮೇಲೇ ತೂಗುಬಿದ್ದಿರುತ್ತದೆ, ಬೊಚ್ಚುಬಾಯಲ್ಲಿ ನಗುತ್ತ.

ಫಲ ಏನಾಯಿತು? ಬಂಧನಕ್ಕೆ ಮೊದಲು ಆ ಹಾಡನ್ನು ಕೇಳಿದವರು ಹೆಚ್ಚಾಗಿ ತಮಿಳುನಾಡಿನವರು. ಬಂಧನದ ಮರುದಿನ ದೇಶಕ್ಕೆ ದೇಶವೇ ಯೂಟ್ಯೂಬಿನಲ್ಲಿ ಹುಡುಕತೊಡಗಿತು, ತಮಿಳು ಬಾರದವರೂ ಸೇರಿದಂತೆ. ಕೋವನ್ ಜಾಮೀನಿನ ಮೇಲೆ ಹೊರಬಂದ. ಅದಾಗಿ ಏಳು ತಿಂಗಳೂ ಕಳೆದಿರಲಿಲ್ಲ. 2016ರ ಮೇನಲ್ಲಿ ಮತ್ತೆ ಗೆದ್ದು ಅಧಿಕಾರ ಹಿಡಿದ ಜಯಲಲಿತಾ ಮೊದಲ ದಿನವೇ 500 ಮದ್ಯದಂಗಡಿ ಮುಚ್ಚುವ ಕಡತಕ್ಕೆ ಸಹಿ ಹಾಕಿದರು. ಹಾಡಿದವನಿಗೆ ರಾಜದ್ರೋಹ, ಹಾಡಿನಂತೆ ನಡೆದವರಿಗೆ ಚುನಾವಣಾ ಪ್ರಣಾಳಿಕೆ. ಮೊದಲೇ ಕರೆದು ಒಂದು ಕಲೈಮಾಮಣಿ ಪ್ರಶಸ್ತಿ ಕೊಟ್ಟಿದ್ದರೆ ಇಷ್ಟೆಲ್ಲ ರಾದ್ಧಾಂತ ಇರುತ್ತಿತ್ತೇ?

ಕಾನ್ಪುರದ ಐಐಟಿಯವರು ಎಷ್ಟಾದರೂ ಎಂಜಿನಿಯರುಗಳು, ಸ್ವಲ್ಪ ಶಾಸ್ತ್ರೀಯವಾಗಿ ಮುಂದುವರಿದರು. 2019ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಫೈಜ್ ಅಹಮದ್ ಫೈಜ್ ಅವರ 'ಹಮ್ ದೇಖೇಂಗೆ' ಹೇಳಿದರೆಂದು ದೂರು ಬಂತು. ಪಾಕಿಸ್ತಾನದ ಜನರಲ್ ಜಿಯಾ ಕಾಲದಲ್ಲಿ, 1979ರಲ್ಲಿ ಬರೆದ ಪದ್ಯ ಅದು. 1986ರಲ್ಲಿ ಲಾಹೋರಿನಲ್ಲಿ ಇಕ್ಬಾಲ್ ಬಾನೊ ಹಾಡಿ ಮನೆಮಾತು ಮಾಡಿದ್ದು. ಪಾಕಿಸ್ತಾನದ ಸರ್ವಾಧಿಕಾರಿಗೆ ನೋವಾದ ಪದ್ಯದಿಂದ ಭಾರತದಲ್ಲಿ ಯಾರಿಗೆ ಎಲ್ಲಿ ನೋವಾಯಿತು ಎಂದು ಪತ್ತೆಹಚ್ಚಲು ಸಮಿತಿ ಕೂತಿತು. ತಿಂಗಳುಗಟ್ಟಲೆ ವಿಚಾರಣೆ ಮಾಡಿ, ಹಾಡಿದ ಸಮಯ ಮತ್ತು ಸ್ಥಳ ಸೂಕ್ತವಾಗಿರಲಿಲ್ಲ ಎಂಬ ತೀರ್ಮಾನಕ್ಕೆ ಬಂತು. ಪದ್ಯದಲ್ಲಿ ದೋಷವಿಲ್ಲ, ಮುಹೂರ್ತದಲ್ಲಿ ದೋಷ. ಇದಕ್ಕೆ ಸಮಿತಿ ಯಾಕೆ, ಒಬ್ಬ ಪುರೋಹಿತರನ್ನು ಕೇಳಿದ್ದರೆ ಅರ್ಧ ಗಂಟೆಯಲ್ಲಿ ರಾಹುಕಾಲ ನೋಡಿ ಹೇಳುತ್ತಿದ್ದರು.

ನಮ್ಮವರೂ ಒಮ್ಮೆ ಎಡವಿದ್ದುಂಟು, ಅದೂ ಉತ್ಸವದಲ್ಲೇ. 2020ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಆನೆಗುಂದಿ ಉತ್ಸವದ ಕವಿಗೋಷ್ಠಿಗೆ ಸಿರಾಜ್ ಬಿಸರಳ್ಳಿ ಅವರನ್ನು ಕರೆದರು. ಅವರು ಪೌರತ್ವದ ದಾಖಲೆ ಕೇಳುವವರ ದಾಖಲೆಯನ್ನೇ ತಿರುಗಿ ಕೇಳುವ ಪದ್ಯ ಓದಿದರು. ಓದಿದವರ ಮೇಲೆ ಕೇಸು, ಅದನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿದ ಪತ್ರಕರ್ತರ ಮೇಲೆ ಕೇಸು, ಇಬ್ಬರಿಗೂ ಬಂಧನ, ಆಮೇಲೆ ಜಾಮೀನು. ಕವಿಗೋಷ್ಠಿಯ ಪದ್ಯವನ್ನು ಕವಿಗೋಷ್ಠಿಯ ಅಧ್ಯಕ್ಷರೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ ಎಂಬುದು ಕನ್ನಡ ಸಂಸ್ಕೃತಿಯ ಅತ್ಯಂತ ಭದ್ರವಾದ ರಕ್ಷಣಾ ವ್ಯವಸ್ಥೆ. ಸುಮ್ಮನಿದ್ದಿದ್ದರೆ ಆ ಪದ್ಯವೂ ಊಟದ ಸಾಲಿನ ಗದ್ದಲದಲ್ಲಿ ಕರಗಿ ಹೋಗುತ್ತಿತ್ತು. ಕೇಸು ಹಾಕಿದ ಮೇಲೆ ಹತ್ತಾರು ಭಾಷೆಗಳವರು ಅದನ್ನು ಅನುವಾದ ಮಾಡಿಕೊಂಡರು. ನಮ್ಮ ಅಕಾಡೆಮಿಗಳು ವರ್ಷಗಟ್ಟಲೆ ಹೆಣಗಿದರೂ ಆಗದ ಅನುವಾದದ ಕೆಲಸವನ್ನು ಒಂದು ಪೊಲೀಸ್ ಠಾಣೆ ವಾರದಲ್ಲಿ ಮಾಡಿ ಮುಗಿಸಿತು.

ಇವೆಲ್ಲ ಕೈಕೂಸುಗಳ ತಪ್ಪು. ಹೊಡೆಯುವುದನ್ನೇ ನಂಬಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನೈಜೀರಿಯಾದ ಹಾಡುಗಾರ ಫೇಲಾ ಕುಟಿಯ ಪ್ರಕರಣವಿದೆ. ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಸೈನಿಕರನ್ನು ಅವನು 'ಜೋಂಬಿ' ಎಂಬ ಹಾಡಿನಲ್ಲಿ ಆಡಿಕೊಂಡ. 'ನಾವು ಅಂಥವರಲ್ಲ' ಎಂದು ತೋರಿಸಲು 1977ರ ಫೆಬ್ರುವರಿಯಲ್ಲಿ ಸುಮಾರು ಸಾವಿರ ಸೈನಿಕರು ಲಾಗೋಸಿನ ಅವನ ಮನೆಗೆ ನುಗ್ಗಿದರು, ಮೇಲಿನವರು ಹೇಳಿದ ಹಾಗೆಯೇ. ಮನೆ ಸುಟ್ಟರು, ಅವನನ್ನು ಬಡಿದರು, ಮುದುಕಿ ತಾಯಿಯನ್ನು ಮಹಡಿಯ ಕಿಟಕಿಯಿಂದ ಕೆಳಕ್ಕೆ ಎಸೆದರು. ಆಕೆ ಫುನ್ಮಿಲಾಯೊ, ಸ್ವತಃ ದೊಡ್ಡ ಹೋರಾಟಗಾರ್ತಿ, ಮರುವರ್ಷ ತೀರಿಕೊಂಡರು. ವಿಚಾರಣಾ ಆಯೋಗ ಕೂತು ಇದನ್ನೆಲ್ಲ ಮಾಡಿದವನನ್ನು ಕಂಡುಹಿಡಿಯಿತು: 'ಅಪರಿಚಿತ ಸೈನಿಕ'. ಸಾವಿರ ಮಂದಿ ಹಾಡುಹಗಲೇ ಬಂದಿದ್ದರು, ಒಬ್ಬನ ಪರಿಚಯವೂ ಯಾರಿಗೂ ಆಗಲಿಲ್ಲ. ಫೇಲಾ ತಾಯಿಯ ಶವಪೆಟ್ಟಿಗೆಯನ್ನು ಸೈನ್ಯದ ಬ್ಯಾರಕ್ಕಿಗೇ ಹೊತ್ತೊಯ್ದ, ಆಯೋಗದ ತೀರ್ಪಿನ ಮೇಲೂ ಒಂದು ಹಾಡು ಮಾಡಿದ. ಕೊನೆಗೆ ಬುದ್ಧಿ ಬಂತು ಅನ್ನಿ. 2012ರಲ್ಲಿ ಲಾಗೋಸ್ ರಾಜ್ಯ ಸರ್ಕಾರದ ದುಡ್ಡಿನಲ್ಲೇ ಅವನ ನೆನಪಿನ ಮ್ಯೂಸಿಯಂ ತೆರೆಯಿತು. ಸುಟ್ಟ ಮನೆಯಲ್ಲಿ ತೆರೆಯುವ ಹಾಗಿರಲಿಲ್ಲ, ಆದ್ದರಿಂದ ಅವನು ಆಮೇಲೆ ಬದುಕಿದ್ದ ಬೇರೊಂದು ಮನೆಯಲ್ಲಿ.

ಇನ್ನು ನಮ್ಮ ಕವಿ ಸಿದ್ಧಲಿಂಗಯ್ಯನವರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಂಪುರದ ಕೊಳೆಗೇರಿಯಲ್ಲಿ ಬೆಳೆದ ಹುಡುಗ 1975ರಲ್ಲಿ 'ಹೊಲೆಮಾದಿಗರ ಹಾಡು' ತಂದಾಗ ಕನ್ನಡ ಕಾವ್ಯ ಬೆಚ್ಚಿ ಕೂತಿತು. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬ ದಲಿತ ಮಂತ್ರಿಯೊಬ್ಬರ ಮಾತಿಗೆ ಎದ್ದ ಬೂಸಾ ಗಲಾಟೆಯ ಬಿಸಿ ಆರಿರಲಿಲ್ಲ. ದಲಿತ ಸಂಘರ್ಷ ಸಮಿತಿ ಊರೂರಲ್ಲಿ ಬೇರುಬಿಡುತ್ತಿತ್ತು. ಆ ಹಾಡುಗಳಿಗೆ ಕ್ಯಾಸೆಟ್ ಇರಲಿಲ್ಲ, ಮೈಕ್ ಇರಲಿಲ್ಲ, ಎಷ್ಟೋ ಕಡೆ ಅಚ್ಚಾದ ಹಾಳೆಯೂ ಇರಲಿಲ್ಲ. ಒಂದು ಊರಿನ ಜಾಥಾದಲ್ಲಿ ಕೇಳಿದವನು ಮುಂದಿನ ಊರಿಗೆ ನಡೆಯುತ್ತ ಬಾಯಿಪಾಠ ಮಾಡಿಕೊಂಡು ಹೋಗಿ ಹೇಳಿಕೊಡುತ್ತಿದ್ದ. ಕವಿಯ ಹೆಸರು ಗೊತ್ತಿಲ್ಲದ ಕೇರಿಗಳಲ್ಲೂ ಹಾಡು ಗೊತ್ತಿತ್ತು.

ಈಗ ಅದೇ ಹಾಡುಗಳು ಅಂತರ ಕಾಲೇಜು ಗಾಯನ ಸ್ಪರ್ಧೆಯಲ್ಲಿ ಬರುತ್ತವೆ. ಶ್ರುತಿಗೆ 10 ಅಂಕ, ತಾಳಕ್ಕೆ 10, ಭಾವಕ್ಕೆ 5. ಹಸಿವು, ಅವಮಾನ, ಸಿಟ್ಟು ಮೂರೂ ಆ ಐದರೊಳಗೇ ಬರಬೇಕು. ಸಿಟ್ಟು ಜಾಸ್ತಿಯಾಗಿ ಶ್ರುತಿ ತಪ್ಪಿದರೆ ಹತ್ತು ಹೋಯಿತು, ಐದೂ ಹೋಯಿತು. ಪರೀಕ್ಷೆಯಲ್ಲಾದರೆ 'ಕವಿಯ ಆಕ್ರೋಶವನ್ನು ಐದು ವಾಕ್ಯಗಳಲ್ಲಿ ವಿವರಿಸಿ'. ಆರನೇ ವಾಕ್ಯ ಬರೆದರೆ ಸಮಯ ವ್ಯರ್ಥ. ವೇದಿಕೆಯ ಮೇಲಿನ ನಿರೂಪಕರಂತೂ ಆ ಸಂಕಲನದ ಹೆಸರು ಬರುವ ಹೊತ್ತಿಗೆ ಗಂಟಲು ಸರಿಮಾಡಿಕೊಂಡು 'ಅವರ ಮೊದಲ ಕವನ ಸಂಕಲನದಲ್ಲಿ' ಎಂದು ದಾಟಿಬಿಡುತ್ತಾರೆ. ಹೆಸರು ಹೇಳಲು ನಾಲಿಗೆ ತಡವರಿಸುವವರು ಹಾಡನ್ನು ಮಾತ್ರ ರಾಗವಾಗಿ ಹಾಡಿಸುತ್ತಾರೆ.

ಇಲ್ಲಿ ಒಂದು ಮಾತು ಅಡ್ಡ ಬರುತ್ತದೆ, ಹೇಳಿಬಿಡುತ್ತೇನೆ. ಸಿದ್ಧಲಿಂಗಯ್ಯ ಎರಡು ಸಲ ವಿಧಾನ ಪರಿಷತ್ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 'ಕ್ರಾಂತಿಕವಿ ತಣ್ಣಗಾದ' ಎಂದು ಗೊಣಗಿದವರಿಗೆ ಲೆಕ್ಕವಿಲ್ಲ. ಗೊಣಗಿದವರಲ್ಲಿ ಬಹುಪಾಲು ಮಂದಿ ಯುಜಿಸಿ ಸಂಬಳ ಎಣಿಸುತ್ತ, ಮಗನನ್ನು ಅಮೆರಿಕಕ್ಕೆ ಕಳಿಸಿ, ಕೇರಿಯ ಕವಿ ಮಾತ್ರ ಕೊನೆತನಕ ಹಸಿದುಕೊಂಡೇ ಇರಲಿ ಎಂದು ಬಯಸಿದವರು. ಸಮ್ಮೇಳನಾಧ್ಯಕ್ಷರೆಂದ ಮೇಲೆ ಪೇಟ, ಅಲಂಕರಿಸಿದ ವಾಹನ, ಊರ ನಡುವೆ ಮೆರವಣಿಗೆ. ದಲಿತ ಮದುಮಗ ಊರೊಳಗೆ ಕುದುರೆ ಹತ್ತಿ ಹೋದರೆ ಇವತ್ತಿಗೂ ಕಲ್ಲು ಬೀಳುವ ದೇಶದಲ್ಲಿ ಆ ಮೆರವಣಿಗೆಯನ್ನು ನಾನು ಗೇಲಿ ಮಾಡಲಾರೆ. ಕೆಲವು ತಲೆಗಳ ಮೇಲೆ ಪೇಟ ಕೂತರೆ ಪೇಟಕ್ಕೇ ಮುಜುಗರವಾಗಬೇಕು, ಅಂಥದ್ದು ಅದು. 2021ರ ಜೂನಿನಲ್ಲಿ ಕೋವಿಡ್ ಅವರನ್ನು ಒಯ್ದಿತು. ಮರುವರ್ಷ ಪದ್ಮಶ್ರೀ ಬಂತು, ತೆಗೆದುಕೊಳ್ಳಲು ಅವರಿರಲಿಲ್ಲ.

ಸತ್ತ ಮೇಲಿನ ಗೌರವದ ವಿಷಯದಲ್ಲಿ ತೆಲಂಗಾಣವನ್ನು ಮೀರಿಸಿದವರಿಲ್ಲ. ಗದ್ದರ್ ಹೆಸರು ಕೇಳದವರು ರಾಯಚೂರು, ಬಳ್ಳಾರಿ, ಕೋಲಾರದ ಕಡೆ ಯಾರಿದ್ದಾರೆ? ಬರಿಮೈ, ಕಚ್ಚೆಪಂಚೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಗೆಜ್ಜೆ. ಜನನಾಟ್ಯ ಮಂಡಳಿಯ ಈ ಮನುಷ್ಯ ಒಂದು ಸಲ ಕುಣಿದು ಹಾಡಿದರೆ ಆಡಳಿತ ಪಕ್ಷದ ಹತ್ತು ಸಭೆಗಳ ಜನ ಒಂದೇ ಮೈದಾನದಲ್ಲಿ ಸೇರುತ್ತಿದ್ದರು, ಬಿರಿಯಾನಿ ಪೊಟ್ಟಣವಿಲ್ಲದೆ. 1997ರ ಏಪ್ರಿಲ್ 6ರಂದು ಅವರ ಮನೆಗೇ ಬಂದು ಗುಂಡು ಹೊಡೆದರು. ಪೊಲೀಸರ ಕೈವಾಡ ಎಂದು ಗದ್ದರ್ ಹೇಳಿದರು, ಪೊಲೀಸರು ಇಲ್ಲವೆಂದರು. ಇಲ್ಲೂ ಅಪರಿಚಿತರೇ. ನೈಜೀರಿಯಾದಿಂದ ಹೈದರಾಬಾದಿನವರೆಗೆ ಹಾಡುಗಾರರ ಮನೆಗೆ ಬರುವ ಅತಿಥಿಗಳು ಹೆಸರು ಹೇಳಿ ಬರುವುದಿಲ್ಲ. ಒಂದು ಗುಂಡು ಬೆನ್ನುಮೂಳೆಯ ಬಳಿ ಹಾಗೇ ಉಳಿಯಿತು, ತೆಗೆದರೆ ಜೀವಕ್ಕೆ ಅಪಾಯ ಅಂದರು ಡಾಕ್ಟರು. ಅದನ್ನು ಮೈಯೊಳಗೆ ಇಟ್ಟುಕೊಂಡೇ ಇಪ್ಪತ್ತಾರು ವರ್ಷ ಹಾಡಿದರು.

2023ರ ಆಗಸ್ಟ್ 6ರಂದು ಗದ್ದರ್ ತೀರಿಕೊಂಡರು. ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ. ಯಾವ ಖಾಕಿಯ ವಿರುದ್ಧ ಜೀವಮಾನವಿಡೀ ಹಾಡಿದ್ದರೋ ಅದೇ ಖಾಕಿ ಪಾರ್ಥಿವ ಶರೀರದ ಮುಂದೆ ಬಂದೂಕು ಹಿಡಿದು ನಿಂತಿತು, ಗೌರವ ಸಲ್ಲಿಸಲಿಕ್ಕೆ. ಶರೀರದೊಳಗಿದ್ದ ಆ ಒಂದು ಗುಂಡಿಗೂ ಸಲ್ಯೂಟ್ ಸಂದಂತಾಯಿತು. ಆಮೇಲೆ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಹಿಂದೆ ಬೀಳಬಾರದಲ್ಲ? ರಾಜ್ಯದ ಸಿನಿಮಾ ಪ್ರಶಸ್ತಿಗಳಿಗೇ ಗದ್ದರ್ ಹೆಸರಿಟ್ಟಿತು. 2025ರ ಜೂನಿನಲ್ಲಿ ಹೈದರಾಬಾದಿನಲ್ಲಿ ಝಗಮಗಿಸುವ ಸಮಾರಂಭ. ಅತ್ಯುತ್ತಮ ನಟ ಅಲ್ಲು ಅರ್ಜುನ್, 'ಪುಷ್ಪ 2' ಚಿತ್ರಕ್ಕೆ. ಕಾಡಿನಲ್ಲಿ ಕೆಂಬಾವುಟ ಹುಡುಕಿ ಹೋದವನ ಹೆಸರಿನ ಪ್ರಶಸ್ತಿ, ಕಾಡಿನಿಂದ ಕೆಂಪುಚಂದನ ಸಾಗಿಸಿದವನ ಪಾತ್ರಕ್ಕೆ. ಬಣ್ಣವಂತೂ ಕೂಡಿಬಂದಿದೆ, ತೀರ್ಪುಗಾರರನ್ನು ದೂರುವಂತಿಲ್ಲ. ಇತ್ತ ರಾಜ್ಯ ಸರ್ಕಾರ ಗದ್ದರ್‌ಗೆ ಪದ್ಮ ಪ್ರಶಸ್ತಿ ಕೊಡಿ ಎಂದು ದೆಹಲಿಗೆ ಬರೆದರೆ, ನಕ್ಸಲ್ ವಿಚಾರದವರಿಗೆ ಕೊಡುವ ಮಾತೇ ಇಲ್ಲ ಎಂದರು ಕೇಂದ್ರ ಮಂತ್ರಿ ಬಂಡಿ ಸಂಜಯ್. ಸತ್ತವನ ಒಂದು ಭುಜಕ್ಕೆ ಶಾಲು, ಇನ್ನೊಂದು ಭುಜಕ್ಕೆ ಚಾರ್ಜ್‌ಶೀಟ್.

ಇಷ್ಟು ಹೊತ್ತಿಗೆ ವ್ಯವಸ್ಥೆಯ ಎರಡು ಕೌಂಟರುಗಳು ನಿಮಗೆ ಕಂಡಿರಬೇಕು. ಒಂದು, ಬದುಕಿರುವವರಿಗೆ. ಇನ್ನೊಂದು, ಸತ್ತವರಿಗೆ ಮತ್ತು ಸಿನಿಮಾದವರಿಗೆ. ಸಿನಿಮಾ ಅಂದೆನೇ? ಕಾರಣವಿದೆ. ಪುಣೆಯ ಕಬೀರ್ ಕಲಾ ಮಂಚ್‌ನ ಹುಡುಗ ಹುಡುಗಿಯರು ಜಾತಿಯ ಮೇಲೆ ಹಾಡುತ್ತಿದ್ದರು. ನಕ್ಸಲ್ ಎಂಬ ಹಣೆಪಟ್ಟಿ ಬಿತ್ತು. 2013ರಲ್ಲಿ ಶೀತಲ್ ಸಾಠೆ ತುಂಬುಬಸುರಿಯಾಗಿ, ಗಂಡ ಸಚಿನ್ ಮಾಳಿ ಜೊತೆ, ಮುಂಬೈಯ ವಿಧಾನ ಭವನದ ಎದುರು ಹಾಡುತ್ತಲೇ ಬಂದು ಪೊಲೀಸರ ವಶವಾದರು. ಆಕೆಗೆ ಬೇಗ ಜಾಮೀನು ಸಿಕ್ಕಿತು. ಸಚಿನ್ ಮತ್ತು ಇನ್ನಿಬ್ಬರು ಸಂಗಾತಿಗಳಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಡುವಾಗ 2017 ಬಂದಿತ್ತು. ಈ ನಡುವೆ, ಅವರಿನ್ನೂ ಒಳಗಿರುವಾಗಲೇ, ಚೈತನ್ಯ ತಮ್ಹಾಣೆಯವರ 'ಕೋರ್ಟ್' ಎಂಬ ಮರಾಠಿ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಕಥೆ ಏನು ಗೊತ್ತೆ? ಮ್ಯಾನ್‌ಹೋಲ್ ಕಾರ್ಮಿಕನೊಬ್ಬನ ಸಾವಿಗೆ ನಿನ್ನ ಹಾಡೇ ಪ್ರಚೋದನೆ ಎಂದು ಮುದಿ ಜನಪದ ಹಾಡುಗಾರನನ್ನು ಜೈಲಿಗೆ ಹಾಕುವುದು. ತೆರೆಯ ಮೇಲಿನ ಹಾಡುಗಾರನ ಗೋಳು ನೋಡಿ ಸರ್ಕಾರ ಕಣ್ಣೊರೆಸಿಕೊಂಡು ಪ್ರಶಸ್ತಿ ಕೊಟ್ಟಿತು. ತೆರೆಯಾಚೆಯವರಿಗೆ ಎಂದಿನಂತೆ ಮುಂದಿನ ದಿನಾಂಕ ಕೊಟ್ಟಿತು. 2017ರಲ್ಲಿ ಹೊರಬಂದ ಸಾಗರ್ ಗೋರ್ಖೆ, ರಮೇಶ್ ಗಾಯಚೋರ್ ಇಬ್ಬರನ್ನೂ 2020ರ ಸೆಪ್ಟೆಂಬರಿನಲ್ಲಿ ಪುಣೆಯ ಎಲ್ಗಾರ್ ಪರಿಷತ್ ಎಂಬ ಸಭೆಯ ಪ್ರಕರಣದಲ್ಲಿ ಮತ್ತೆ ಒಳಗೆ ಹಾಕಿದರು, ಈ ಸಲ ಅದೇ ತಂಡದ ಜ್ಯೋತಿ ಜಗತಾಪ್ ಅವರೊಂದಿಗೆ. ವಿಚಾರಣೆ ಶುರುವಾಗುವುದನ್ನೇ ಕಾಯುತ್ತ ವರ್ಷಗಳು ಉರುಳಿದವು. ಹಾಡು ಮಾತ್ರ ಯೂಟ್ಯೂಬಿನಲ್ಲಿ ಆರಾಮಾಗಿ ಓಡಾಡಿಕೊಂಡಿದೆ, ನಡುನಡುವೆ ಸೋಪಿನ ಜಾಹೀರಾತು ಹಾಕಿಕೊಂಡು.

ಜಾಹೀರಾತು ಅಂದ ಮೇಲೆ ಪೇಟೆಯ ವಿಷಯ. ಸರ್ಕಾರಕ್ಕೆ ಪೇಟ ತೊಡಿಸಿ ಗೊತ್ತು, ಪೇಟೆಗೆ ಅದೂ ದಂಡದ ಬಾಬ್ತು. ತಮಿಳುನಾಡಿನ ಅರಿವು ಎಂಬ ಯುವಕ 2021ರಲ್ಲಿ ತನ್ನಜ್ಜಿ ವಳ್ಳಿಯಮ್ಮಾಳ್ ಕಥೆಯನ್ನು 'ಎಂಜಾಯ್ ಎಂಜಾಮಿ' ಎಂಬ ಹಾಡಿಗೆ ತಂದ. ಶ್ರೀಲಂಕಾದ ಟೀ ತೋಟಗಳಲ್ಲಿ ದುಡಿದು, ಅಲ್ಲಿಂದ ಹೊರಹಾಕಿಸಿಕೊಂಡು ಬಂದವರ, ತುಂಡು ನೆಲವೂ ದಕ್ಕದವರ ಕಥೆ. ಗಾಯಕಿ ದೀ ಜೊತೆ ಹಾಡಿದ್ದು, ಸಂಗೀತ ಸಂತೋಷ್ ನಾರಾಯಣನ್. ಕೋಟಿಗಟ್ಟಲೆ ಜನ ಕುಣಿದರು. ಬೆಂಗಳೂರಿನ ಮದುವೆಗಳಲ್ಲಿ ಜಾತಕ, ಗೋತ್ರ, ಉಪಜಾತಿ ಎಲ್ಲ ಹೊಂದಿಸಿ ಹುಡುಗಿ ತಂದವರು ಡಿಜೆಗೆ ಹೇಳಿ ಅದೇ ಹಾಡು ಹಾಕಿಸಿದರು. ಅದೇ ವರ್ಷ ಒಂದು ಹೆಸರಾಂತ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ದೀ ಇದ್ದಳು, ಇನ್ನೊಬ್ಬ ಗಾಯಕನಿದ್ದ, ಬರೆದ ಅರಿವು ಇರಲಿಲ್ಲ. ಮರುವರ್ಷ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಮೊಳಗಿತು, ಅಲ್ಲೂ ಅರಿವು ಇರಲಿಲ್ಲ. ನೆಲ ಕಳೆದುಕೊಂಡವರ ಹಾಡು ಬರೆದವನಿಗೆ ಹಾಡಿನಲ್ಲೂ ನಿಲ್ಲಲು ಜಾಗ ಸಿಗಲಿಲ್ಲ. ಇನ್ನು ದುಡ್ಡಾದರೂ? ಮೂರು ವರ್ಷದ ಮೇಲೆ, 2024ರಲ್ಲಿ, ಸಂತೋಷ್ ನಾರಾಯಣನ್ ವಿಡಿಯೊ ಮಾಡಿ ಹೇಳಿದರು: ಈ ಹಾಡಿನ ಆದಾಯದಲ್ಲಿ ನಮಗ್ಯಾರಿಗೂ ಈವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಹಾಡಿನೊಳಗಿನ ಅಜ್ಜಿಗೆ ತೋಟದ ಮಾಲೀಕ ಕೂಲಿಯನ್ನಾದರೂ ಕೊಟ್ಟಿದ್ದನೇನೋ.

ಹಾಗಾದರೆ ಕೇಳುವ ನಮ್ಮ ಪಾತ್ರವೇನು ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಾವು ಫೋನು ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತೇವೆ. ಕೈಯೆತ್ತುವುದು ಇಂದಿಗೂ ಹೋರಾಟದ ಭಂಗಿಯೇ, ಮುಷ್ಟಿಯೊಳಗೆ ಫೋನು ಬಂದಿದೆ ಅಷ್ಟೆ. ಆಮೇಲೆ ಅದನ್ನು ಸ್ಟೇಟಸ್ಸಿಗೆ ಹಾಕಿ, ಮನೆಗೆಲಸದವಳು ಎರಡು ದಿನ ರಜೆ ಹಾಕಿದ್ದಕ್ಕೆ ಸಂಬಳ ಹಿಡಿಯುತ್ತೇವೆ. ಇದನ್ನು ಬೆಳೆಸುವುದು ಬೇಡ, ಪತ್ರಿಕೆಯ ಚಂದಾದಾರರೆಲ್ಲ ಇದೇ ವರ್ಗದವರು.

ಮೇಲಿನ ಎಲ್ಲ ಉಪಾಯಗಳಿಗೂ ಬೇಕಾದ್ದು ಒಂದೇ, ಒಬ್ಬ ಹಾಡುಗಾರ. ಹಿಡಿಯಲಿಕ್ಕೂ ಅವನೇ ಬೇಕು, ಪೇಟ ಇಡಲಿಕ್ಕೂ ಅವನೇ ಬೇಕು, ರಾಯಲ್ಟಿ ತಪ್ಪಿಸಲಿಕ್ಕೂ ಅವನೇ ಬೇಕು. ಹಾಡು ಇದ್ದು ಹಾಡುಗಾರ ಸಿಗದಿದ್ದರೆ? ಇಲ್ಲೇ ಆಡಳಿತಕ್ಕೆ ತಲೆಬಿಸಿ. ಸ್ಥಳ ಬೆಂಗಳೂರಿನ ಫ್ರೀಡಂ ಪಾರ್ಕ್. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಎಲ್ಲ ಇದ್ದದ್ದು ಅಲ್ಲೇ. ನಗರದಲ್ಲಿ ಯಾರೇ ಧರಣಿ ಮಾಡಿದರೂ ಅಲ್ಲೇ ಮಾಡಬೇಕು ಎಂದು 2021ರಲ್ಲಿ ಆದೇಶವಾಯಿತು. ಪ್ರತಿಭಟನೆ ಮಾಡಿದವರನ್ನು ಹಿಡಿದು ಜೈಲಿಗೆ ಸಾಗಿಸುವ ಡೀಸೆಲ್ ಖರ್ಚು ಉಳಿಯಿತು. ಈಗ ಅವರೇ ಮೆಜೆಸ್ಟಿಕ್ಕಿನಿಂದ ನಡೆದುಕೊಂಡು ಜೈಲಿಗೆ ಬರುತ್ತಾರೆ.

2025ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಆಶಾ ಕಾರ್ಯಕರ್ತೆಯರು ಗುಲಾಬಿ ಸೀರೆಯಲ್ಲಿ ಬಂದು ಅಲ್ಲಿ ಅಹೋರಾತ್ರಿ ಧರಣಿ ಕೂತರು. ಕೇಳಿದ್ದು ತಿಂಗಳಿಗೆ 15,000 ಗೌರವಧನ. ಕೊನೆಗೆ 10,000ದ ಭರವಸೆ ಸಿಕ್ಕಿತು. ಭರವಸೆ ಆದೇಶವಾಗುವುದನ್ನು ಕಾದು ಸಾಕಾಗಿ ಆಗಸ್ಟಿನಲ್ಲಿ ಮತ್ತೆ ಬೀದಿಗೆ ಬಂದರು. ಇಂಥ ಧರಣಿಗಳಲ್ಲಿ ಹಾಡು ಹುಟ್ಟುವ ಬಗೆ ನೋಡಬೇಕು. ಮಧ್ಯಾಹ್ನದ ಚಿತ್ರಾನ್ನ ಮುಗಿದ ಮೇಲೆ ಯಾರೋ ಒಬ್ಬಾಕೆ ಸೋಬಾನೆಯ ಧಾಟಿ ಎತ್ತುತ್ತಾಳೆ, ಅಥವಾ ರಾಜ್‌ಕುಮಾರ್ ಚಿತ್ರದ ಯಾವುದೋ ಟ್ಯೂನು. ಆಕೆಯ ಮೊದಲ ಸಾಲಿಗೆ ಪಕ್ಕದ ಜಿಲ್ಲೆಯವಳು ಎರಡನೇ ಸಾಲು ಕೂಡಿಸುತ್ತಾಳೆ. ಹೆರಿಗೆಗೆ ನಡುರಾತ್ರಿ ಆಟೊ ಹುಡುಕಿದ್ದು ಒಂದು ನುಡಿ, ಆನ್‌ಲೈನ್ ಪೋರ್ಟಲ್ಲಿನಲ್ಲಿ ದುಡ್ಡು ತೋರಿಸಿ ಖಾತೆಯಲ್ಲಿ ತೋರಿಸದೇ ಇದ್ದದ್ದು ಇನ್ನೊಂದು ನುಡಿ. ಯಾರೋ ಮೇಲಧಿಕಾರಿಯ ಹೆಸರಿಗೆ ಪ್ರಾಸ ಹುಡುಕುತ್ತಾರೆ, ಸಿಕ್ಕಿದಾಗ ನಗು. ಲಸಿಕೆಯ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇನ್ನೊಬ್ಬಾಕೆ ಬರೆದುಕೊಳ್ಳುತ್ತಾಳೆ. ಸಂಜೆಗೆ ಹದಿನಾಲ್ಕು ನುಡಿ. ಶ್ರುತಿ ಎಲ್ಲಿದೆಯೋ ತಾಳ ಎಲ್ಲಿದೆಯೋ. ಸೈರನ್ ಹಾಕಿಕೊಂಡು ಸಚಿವರು ಬಂದರೆ ಹಾಡು ನಿಲ್ಲುವುದಿಲ್ಲ, ಬಂದವರ ಹೆಸರೂ ಸೇರಿ ಹದಿನೈದಾಗುತ್ತದೆ. ಬರೆದವರು ಯಾರು ಎಂದು ಕೇಳಿದರೆ 'ನಾವೇ' ಅನ್ನುತ್ತಾರೆ, ಸಾವಿರಾರು ಬಾಯಲ್ಲಿ. ಸಾವಿರಾರು ಪೇಟಕ್ಕೆ ಬಜೆಟ್ಟಿನಲ್ಲಿ ಅವಕಾಶವಿಲ್ಲ. ಇದ್ದರೆ ಆ ದುಡ್ಡಿನಲ್ಲಿ ಗೌರವಧನವನ್ನೇ ಕೊಡಬಹುದಿತ್ತು ಎಂದು ಆಡಿಟ್‌ನವರು ಆಕ್ಷೇಪಿಸಿಯಾರು.

ಈ ಇಕ್ಕಟ್ಟಿನಿಂದ ಪಾರಾಗಲು ಸಂಬಂಧಪಟ್ಟ ಇಲಾಖೆಗೆ ಉಪಕಾರವಾಗಲೆಂದು ಕಡತದ ಟಿಪ್ಪಣಿಯನ್ನು ನಾನೇ ಸಿದ್ಧಪಡಿಸಿದ್ದೇನೆ. ಸಹಿ ಹಾಕಿದರೆ ಸಾಕು:

'ವಿಷಯ: ಧರಣಿ ಸ್ಥಳದಲ್ಲಿ ಹಾಡಲಾಗುತ್ತಿರುವ ಹಾಡಿನ ಕರ್ತೃವನ್ನು ಸನ್ಮಾನಿಸುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಹಾಡನ್ನು ಪರಿಶೀಲಿಸಲಾಗಿ ಪ್ರತಿ ಪರಿಶೀಲನೆಯ ವೇಳೆಗೂ ಒಂದೊಂದು ನುಡಿ ಹೆಚ್ಚಾಗಿರುವುದು ಕಂಡುಬಂದಿರುತ್ತದೆ. ಕರ್ತೃವಿನ ಬಗ್ಗೆ ಸ್ಥಳೀಯವಾಗಿ ವಿಚಾರಿಸಲಾಗಿ ಸ್ಥಳದಲ್ಲಿದ್ದ ಎಲ್ಲರೂ ತಾವೇ ಎಂದು ಹೇಳಿಕೆ ನೀಡಿರುತ್ತಾರೆ. ಆದ್ದರಿಂದ ಕರ್ತೃವನ್ನು ಅಪರಿಚಿತರೆಂದು ಪರಿಗಣಿಸಬಹುದಾಗಿದ್ದು, ತಲೆಯ ಅಳತೆ ಲಭ್ಯವಿಲ್ಲದ ಕಾರಣ ಪೇಟ ಖರೀದಿಗೆ ಟೆಂಡರ್ ಕರೆಯಲು ಸಾಧ್ಯವಾಗಿರುವುದಿಲ್ಲ. ಆದೇಶಕ್ಕಾಗಿ ಮಂಡಿಸಿದೆ.'